ಸೂರ್ಯಕಾಂತಿ ಹೊಲದಲ್ಲಿ ಮತ್ತೊಂದು ರೀಲ್ಸ್? ಲಕ್ಷಾಂತರ ವಿಡಿಯೋಗಳ ನಡುವೆ ನಿಮ್ಮದು ಎದ್ದು ಕಾಣುವುದು ಹೇಗೆ?

ಮುಂಗಾರು ಶುರುವಾದ ಮೇಲೆ ಗುಂಡ್ಲುಪೇಟೆ ಕಡೆ ಒಂದು ಸುತ್ತು ಹೋಗಿ ಬನ್ನಿ. ರಸ್ತೆಯ ಎರಡೂ ಬದಿ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು. ಹೊಲದ ಬದುವಿನಲ್ಲಿ ಕರ್ನಾಟಕ, ಕೇರಳದ ವಾಹನಗಳು. ಹೂವಿನ ನಡುವೆ ಮೊಬೈಲ್ ಹಿಡಿದು ತಿರುಗುವವರು, ಅದೇ ಹಾಡು, ಅದೇ ನಗು. ಸಂಜೆಗೆ ನಿಮ್ಮ ಫೋನ್ ತೆರೆದರೆ ಒಂದೇ ಥರದ ಹತ್ತು ರೀಲ್ಸ್.

"ನಾನೂ ಹಾಕಿದೆ, ಯಾರೂ ನೋಡಲಿಲ್ಲ, ಯಾಕೆ?" ಎಂಬುದು ಹಲವರ ಪ್ರಶ್ನೆ. ಇದಕ್ಕೆ ಉತ್ತರವಾಗಿ ವಾಟ್ಸಾಪ್‌ನಲ್ಲಿ ಓಡಾಡುವ ಸಲಹೆಗಳಲ್ಲಿ ಅರ್ಧ ಸುಳ್ಳು. ಯಾವುದು ನಿಜ, ಯಾವುದು ಅಲ್ಲ ಎಂದು ನಾವಿಲ್ಲಿ ನೋಡೋಣ.

ಇಷ್ಟೊಂದು ವಿಡಿಯೋ ಬಂದದ್ದು ಎಲ್ಲಿಂದ?

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಆ ಜಾಗ ತುಂಬಲು ಅದೇ ವರ್ಷ ಇನ್‌ಸ್ಟಾಗ್ರಾಮ್ ರೀಲ್ಸ್, ಯೂಟ್ಯೂಬ್ ಶಾರ್ಟ್ಸ್ ಭಾರತಕ್ಕೆ ಬಂದವು. ಯೂಟ್ಯೂಬ್‌ಗೆ ಪ್ರತಿ ನಿಮಿಷ 500 ಗಂಟೆಗೂ ಹೆಚ್ಚು ವಿಡಿಯೋ ಸೇರುತ್ತದೆ ಎಂದು ಆ ಕಂಪನಿಯೇ ಹೇಳಿದೆ. ಲೆಕ್ಕ ಹಾಕಿ: ಒಂದು ದಿನದಲ್ಲಿ ಸೇರಿದ್ದನ್ನು ನಿದ್ದೆಯಿಲ್ಲದೆ ನೋಡಿದರೂ ಮುಗಿಸಲು 82 ವರ್ಷ ಬೇಕು!

ಈಗ ಕೃತಕ ಬುದ್ಧಿಮತ್ತೆಯಿಂದ ನಿಮಿಷದಲ್ಲೇ ವಿಡಿಯೋ ತಯಾರಾಗುತ್ತದೆ. ಹಾಗಾಗಿ "ಹೆಚ್ಚು ಹಾಕಿದವನೇ ಗೆಲ್ಲುತ್ತಾನೆ" ಎಂಬ ಓಟದಲ್ಲಿ ಮನುಷ್ಯರು ಯಂತ್ರವನ್ನು ಸೋಲಿಸಲಾರರು.

ಮೂರು ತಪ್ಪು ನಂಬಿಕೆಗಳು

ನಂಬಿಕೆ 1: ದಿನಕ್ಕೆ ಐದಾರು ವಿಡಿಯೋ ಹಾಕಿದರೆ ವೈರಲ್ ಆಗುತ್ತದೆ.
ಸತ್ಯ: ನೋಡುಗರು ವಿಡಿಯೋವನ್ನು ಆರಿಸಿಕೊಂಡರೇ, ಎಷ್ಟು ಹೊತ್ತು ನೋಡಿದರು, ಇಷ್ಟಪಟ್ಟರೇ ಎಂಬುದು ಶಿಫಾರಸಿಗೆ ಮುಖ್ಯ. ಸಂಖ್ಯೆಯೊಂದೇ ಸಾಲದು. ಒಂದೇ ಅಚ್ಚಿನಲ್ಲಿ ರಾಶಿ ರಾಶಿ ತಯಾರಿಸಿದ ವಿಡಿಯೋಗಳಿಗೆ ಹಣ ಸಿಗುವುದಿಲ್ಲ ಎಂಬ ನಿಯಮವನ್ನು ಯೂಟ್ಯೂಬ್ 2025ರ ಜುಲೈನಲ್ಲಿ ಇನ್ನಷ್ಟು ಸ್ಪಷ್ಟಪಡಿಸಿದೆ.

ನಂಬಿಕೆ 2: ದುಡ್ಡು ಕೊಟ್ಟರೆ ಸಬ್‌ಸ್ಕ್ರೈಬರ್ ಬರುತ್ತಾರೆ, ಚಾನೆಲ್ ಬೆಳೆಯುತ್ತದೆ.
ಸತ್ಯ: ಹಾಗೆ ಬರುವುದು ಬಹುತೇಕ ನಕಲಿ ಖಾತೆಗಳು. ಅವು ವಿಡಿಯೋ ನೋಡುವುದಿಲ್ಲ. ಇದು ನಿಯಮಕ್ಕೂ ವಿರುದ್ಧ, ಚಾನೆಲ್ಲೇ ಹೋಗಬಹುದು. "ವೈರಲ್ ಮಾಡಿಕೊಡುತ್ತೇವೆ" ಎಂದು ಮುಂಗಡ ಕೇಳುವವರಿಗೆ ಹಣ, ಪಾಸ್‌ವರ್ಡ್, ಒಟಿಪಿ ಕೊಡಬೇಡಿ. ಈಗಾಗಲೇ ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನಂಬಿಕೆ 3: ಚಾನೆಲ್ ತೆರೆದ ತಕ್ಷಣ ದುಡ್ಡು.
ಸತ್ಯ: ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಸಬ್‌ಸ್ಕ್ರೈಬರ್ ಜೊತೆಗೆ ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಬೇಕು. ಆದ್ದರಿಂದ ಸಾಲ ಮಾಡಿ ಕ್ಯಾಮೆರಾ ಕೊಳ್ಳುವ, ಕೆಲಸ ಬಿಡುವ ಮುನ್ನ ಯೋಚಿಸಿ.

ಹಾಗಾದರೆ ಎದ್ದು ಕಾಣುವುದು ಹೇಗೆ?

ಒಂದು ಪ್ರಶ್ನೆಗೆ ಉತ್ತರ ಕೊಡಿ. ಅದೇ ಹೂವಿನ ಹೊಲಕ್ಕೆ ಮತ್ತೆ ಹೋಗೋಣ. ಸೂರ್ಯಕಾಂತಿ ದಿನವಿಡೀ ಸೂರ್ಯನ ಕಡೆ ತಿರುಗುತ್ತದೆ ಎಂದು ನಾವೆಲ್ಲ ಕೇಳಿದ್ದೇವೆ. ಇದು ಅರ್ಧಸತ್ಯ. ಎಳೆಯ ಗಿಡ ಮಾತ್ರ ಹಾಗೆ ತಿರುಗುತ್ತದೆ. ಹಗಲಲ್ಲಿ ಕಾಂಡದ ಪೂರ್ವದ ಬದಿ ಹೆಚ್ಚು ಬೆಳೆದು ತುದಿ ಪಶ್ಚಿಮಕ್ಕೆ ಬಾಗುತ್ತದೆ, ರಾತ್ರಿ ಇದು ತಿರುವುಮುರುವು. ಹೂ ಪೂರ್ತಿ ಅರಳಿದ ಮೇಲೆ ಬೆಳವಣಿಗೆ ನಿಂತು, ಪೂರ್ವಕ್ಕೇ ಮುಖ ಮಾಡಿ ನಿಲ್ಲುತ್ತದೆ. ಬೆಳಗಿನ ಬಿಸಿಲಿಗೆ ಬೇಗ ಬೆಚ್ಚಗಾಗುವ ಇಂಥ ಹೂಗಳಿಗೆ ಜೇನುನೊಣಗಳು ಹೆಚ್ಚು ಬರುತ್ತವೆ ಎಂದು 2016ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು.

ನಿಮ್ಮ ವಿಡಿಯೋಗೂ ಇದು ಉಪಯೋಗ: ಬೆಳಿಗ್ಗೆ, ಸೂರ್ಯನಿಗೆ ಬೆನ್ನು ಹಾಕಿ ನಿಂತರೆ ಇಡೀ ಹೊಲ ನಿಮ್ಮನ್ನೇ ನೋಡುತ್ತದೆ. ಸಂಜೆ ಹೋದರೆ ಹೂವಿನ ಮುಖಕ್ಕೆ ನೆರಳು. ಇದನ್ನು ಅರ್ಧ ನಿಮಿಷದಲ್ಲಿ ಹೇಳಿದರೆ ಸಾಕು, ನೋಡಿದವರು ಇನ್ನೊಬ್ಬರಿಗೆ ಕಳಿಸುತ್ತಾರೆ. ಪಕ್ಕದ ಚೆಂಡುಹೂ ಪೂಜೆಗಷ್ಟೇ ಅಲ್ಲ; ಅದರಿಂದ ತೆಗೆಯುವ ಲ್ಯೂಟಿನ್ ಎಂಬ ಬಣ್ಣದ ಅಂಶವನ್ನು ಕೋಳಿ ಆಹಾರಕ್ಕೆ ಸೇರಿಸಿದರೆ ಮೊಟ್ಟೆಯ ಹಳದಿ ಗಾಢವಾಗುತ್ತದೆ. ಇದೂ ಒಂದು ವಿಡಿಯೋ.

ಊರಿನ ಮಾತನ್ನೇ ಪರೀಕ್ಷಿಸಿ. "ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ" ಎಂಬ ಮಾತು ಎಷ್ಟು ಸಲ ಫಾರ್ವರ್ಡ್ ಆಗಿಲ್ಲ? ಸಿದ್ದರಾಮಯ್ಯ ಮುಖ್ಯಮಂತ್ರಿಯಾಗಿ ಅಲ್ಲಿಗೆ ಹಲವು ಸಲ ಹೋಗಿಯೂ 2013ರಿಂದ 2018ರವರೆಗಿನ ಅವಧಿ ಪೂರೈಸಿದರು. ನಮ್ಮ ರಾಜ್ಯದಲ್ಲಿ ಐದು ವರ್ಷ ಪೂರೈಸಿದ ಮುಖ್ಯಮಂತ್ರಿಗಳೇ ಬೆರಳೆಣಿಕೆಯಷ್ಟು. ಹಾಗಿರುವಾಗ ಯಾವ ಊರಿನ ಹೆಸರು ಹಾಕಿದರೂ ಇಂಥ "ಶಾಪ" ನಿಜವೆನಿಸುತ್ತದೆ. ಶಾಪದ ಕಥೆಯನ್ನು ಸಾವಿರ ಜನ ಹೇಳಿದ್ದಾರೆ, ಈ ಲೆಕ್ಕ ಹೇಳಿದವರು ಕಡಿಮೆ.

ನಿಮ್ಮ ದನಿಯಲ್ಲೇ ಮಾತಾಡಿ. ಮಲೆ ಮಾದೇಶ್ವರನ ಕಥೆ ಈ ಭಾಗದ ಎಲ್ಲರಿಗೂ ಗೊತ್ತು. ಆದರೂ ಕಂಸಾಳೆಯವರು ಹಾಡಿದರೆ ಜನ ಕೂತು ಕೇಳುತ್ತಾರೆ. ಕಥೆ ಹಳೆಯದಾದರೂ ಹೇಳುವ ದನಿ, ನುಡಿ, ತಾಳ ಅವರದೇ. ಟಿವಿಯವರ ಕನ್ನಡ ಅನುಕರಿಸುವ ಬದಲು ನಿಮ್ಮ ಮನೆಯ ಕನ್ನಡದಲ್ಲಿ ಮಾತಾಡಿ. ಅರಿಶಿನ ಬೇಯಿಸುವುದು, ರೇಷ್ಮೆ ಹುಳು ಸಾಕುವುದು ನಿಮಗೆ ದಿನನಿತ್ಯದ ಕೆಲಸ, ಬೇರೆಯವರಿಗೆ ಹೊಸ ವಿಷಯ.

ಎದ್ದು ಕಾಣಲು ಜೀವ ಪಣಕ್ಕಿಡಬೇಡಿ

2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಕಾಡಾನೆ ಹತ್ತಿರ ಫೋಟೋ ತೆಗೆಯಲು ಹೋದ ವ್ಯಕ್ತಿಯನ್ನು ಆನೆ ಅಟ್ಟಿಸಿಕೊಂಡು ಬಂದು ತುಳಿಯಿತು. ಅವರು ಬದುಕಿದ್ದೇ ಹೆಚ್ಚು. ಮೇಲೆ 25,000 ರೂಪಾಯಿ ದಂಡ. ಆ ವಿಡಿಯೋ ವೈರಲ್ ಆಯಿತು ನಿಜ, ಆದರೆ ಹಾಗೆ ಹೆಸರಾಗುವುದು ಯಾರಿಗೂ ಬೇಡ. ಕಾಡಿನ ರಸ್ತೆಯಲ್ಲಿ ವಾಹನದಿಂದ ಇಳಿಯಬೇಡಿ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ಸಂಚಾರ ನಿರ್ಬಂಧವಿದೆ ಎಂಬುದೂ ನೆನಪಿರಲಿ. ಹಾಗೆಯೇ, ಹೊಲಕ್ಕೆ ಇಳಿಯುವ ಮುನ್ನ ರೈತರನ್ನು ಕೇಳಿ. ನಿಮಗೆ ಅದು ಹಿನ್ನೆಲೆ, ಅವರಿಗೆ ಬೆಳೆ. ಒಳಗೆ ಹೋಗಲು ಅವರು ಹಣ ಕೇಳಿದರೆ ತಪ್ಪೇನಿಲ್ಲ.

ನೋಡುವವರು ಏನು ಮಾಡಬಹುದು?

ನಾವು ಏನನ್ನು ಪೂರ್ತಿ ನೋಡುತ್ತೇವೋ, ಏನನ್ನು ಹಂಚುತ್ತೇವೋ ಅದೇ ಥರದ್ದು ಮತ್ತೆ ಬರುತ್ತದೆ. ಆನೆ ಮುಂದೆ ಕುಣಿಯುವ ವಿಡಿಯೋ ಫಾರ್ವರ್ಡ್ ಮಾಡಿದರೆ ಇನ್ನೊಬ್ಬ ಕುಣಿಯುತ್ತಾನೆ. ನಿಮ್ಮೂರಿನ ಹುಡುಗನೋ ಹುಡುಗಿಯೋ ಕಷ್ಟಪಟ್ಟು ಒಳ್ಳೆಯ ವಿಷಯ ಹೇಳಿದ್ದರೆ, ಇವತ್ತು ಗ್ರೂಪಿಗೆ ಅದನ್ನು ಕಳಿಸಿ.