ತಾಂಬೂಲ, ಹೊಗೆಸೊಪ್ಪು ಮತ್ತು ಬಾಯಿಯ ಅರ್ಬುದ: ಒಂದು ಚಾರಿತ್ರಿಕ ಅವಲೋಕನ

ಕನ್ನಡ ನಾಡಿನ ಬದುಕಿನಲ್ಲಿ ತಾಂಬೂಲವು ಕೇವಲ ಭೋಜನಾನಂತರದ ಉಪಚಾರವಲ್ಲ. ಮದುವೆಯ ಮಾತು ಖಚಿತವಾಗುವುದು ವೀಳ್ಯಶಾಸ್ತ್ರದಿಂದ. ಮುತ್ತೈದೆಯರನ್ನು ಬೀಳ್ಕೊಡುವುದು ಎಲೆ-ಅಡಿಕೆಯಿಂದ. ಕಲ್ಯಾಣ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ತಾಂಬೂಲವನ್ನು ರಾಜಭೋಗಗಳಲ್ಲಿ ಒಂದೆಂದು ಎಣಿಸುತ್ತದೆ. ೧೪೪೩ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕನೂ ಅದನ್ನು ವರ್ಣಿಸಿದ್ದಾನೆ.

ಈ ಎರಡೂ ಕಾಲಗಳ ತಾಂಬೂಲದಲ್ಲಿ ಹೊಗೆಸೊಪ್ಪು ಇರಲಿಲ್ಲವೆಂಬುದು ಗಮನಾರ್ಹ. ಅಮೆರಿಕ ಖಂಡದ ಆ ಸಸ್ಯವನ್ನು ಭಾರತಕ್ಕೆ ತಂದವರು ಪೋರ್ಚುಗೀಸರು. ೧೬೦೪ರ ಸುಮಾರಿಗೆ ಮೊಗಲ್ ಅಧಿಕಾರಿ ಅಸದ್ ಬೇಗನು ಬಿಜಾಪುರದಲ್ಲಿ ಅದನ್ನು ಕಂಡು ಅಕ್ಬರನ ಆಸ್ಥಾನಕ್ಕೆ ಒಯ್ದುದು ಆತನ ಬರಹದಿಂದಲೇ ತಿಳಿದುಬರುತ್ತದೆ. ಕ್ರಮೇಣ ಹೊಗೆಸೊಪ್ಪು ಎಲೆ-ಅಡಿಕೆಯ ಸಂಗಾತಿಯಾಯಿತು. ಆದರೂ ದೇವರ ಮುಂದಿಡುವ ತಾಂಬೂಲದಲ್ಲಿ ಅದಕ್ಕೆ ಸ್ಥಾನ ದೊರೆಯಲಿಲ್ಲ. ಆಚರಣೆಯು ಹೊರಗಿರಿಸಿದ್ದನ್ನು ಚಟವು ಒಳಗೆ ಕರೆದುಕೊಂಡಿತು.

ಇದರ ಪರಿಣಾಮವನ್ನು ವೈದ್ಯರು ಗುರುತಿಸಿದ್ದು ತಡವಾಗಿ. ತಿರುವಾಂಕೂರಿನಲ್ಲಿ ಎಲೆ-ಅಡಿಕೆ ಜಗಿಯುವವರ ಬಾಯಿಯ ಅರ್ಬುದವನ್ನು ಕುರಿತ ಓರ್ ಎಂಬ ವೈದ್ಯರ ಲೇಖನ ೧೯೩೩ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೧೯೮೫ರಲ್ಲಿ ಹೊಗೆಸೊಪ್ಪು ಬೆರೆತ ತಾಂಬೂಲವನ್ನೂ, ೨೦೦೪ರಲ್ಲಿ ಹೊಗೆಸೊಪ್ಪಿಲ್ಲದ ತಾಂಬೂಲವನ್ನೂ ಅಡಿಕೆಯನ್ನೂ ಅರ್ಬುದಕಾರಕಗಳೆಂದು ಪ್ರಕಟಿಸಿತು. ಆದುದರಿಂದ ದೋಷವೆಲ್ಲವೂ ಹೊರಗಿನಿಂದ ಬಂದ ಸೊಪ್ಪಿನದೆಂಬ ಸಮಾಧಾನಕ್ಕೆ ಆಧಾರವಿಲ್ಲ.

ಹಾಗಾದರೆ ಜಗಿಯುವವರೆಲ್ಲರಿಗೂ ಈ ರೋಗ ಬರದಿರುವುದೇಕೆ? ಜನಪದರು ಇದನ್ನು ಹಣೆಬರಹವೆಂದರು. ವಿಜ್ಞಾನವು ಕಾರಣಗಳನ್ನು ಬಿಡಿಸಿ ನೋಡುತ್ತದೆ. ಜಗಿಯುವ ಪ್ರಮಾಣ ಮತ್ತು ವರ್ಷಗಳು, ಜೊತೆಗೆ ಸೇರುವ ಬೀಡಿ ಹಾಗೂ ಮದ್ಯ, ಹಣ್ಣು-ತರಕಾರಿಗಳ ಕೊರತೆ ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ. ವಿಷವಸ್ತುಗಳನ್ನು ನಿವಾರಿಸುವ ಕಿಣ್ವಗಳ ಸಾಮರ್ಥ್ಯವು ವಂಶವಾಹಿಗಳಿಗನುಗುಣವಾಗಿ ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನವಾಗಿರುತ್ತದೆ. ಜೀವಕೋಶದ ವಂಶವಾಹಿಗಳಿಗೆ ಬದುಕಿನ ಅವಧಿಯಲ್ಲಿ ಆಗುವ ಹಾನಿಯೇ ಅರ್ಬುದದ ಮೂಲ. ಆದರೆ ಅಂತಹ ಹಾನಿಯೆಲ್ಲವೂ ಹೆತ್ತವರಿಂದ ಬಂದುದಲ್ಲ. ಒಂದೇ ಮನೆಯ ಇಬ್ಬರಿಗೆ ರೋಗ ತಗುಲಿದಾಗ ಅದನ್ನು ರಕ್ತದ ದೋಷವೆನ್ನುವುದು ರೂಢಿ. ಅಲ್ಲಿ ರಕ್ತದೊಂದಿಗೆ ಎಲೆ-ಅಡಿಕೆಯ ಸಂಚಿಯೂ ತಲೆಮಾರಿನಿಂದ ತಲೆಮಾರಿಗೆ ದಾಟಿರುವುದನ್ನು ಮರೆಯಬಾರದು.

ಸಂಚಿಯ ಸ್ಥಾನಕ್ಕೆ ಅಗ್ಗದ ಗುಟ್ಕಾ ಪೊಟ್ಟಣ ಬಂದ ಮೇಲೆ ಚಟವು ಎಳೆಯರನ್ನೂ ಮುಟ್ಟಿತು. ಕರ್ನಾಟಕ ಸರ್ಕಾರವು ೨೦೧೩ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಆದರೆ ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯವೂ ಇದೇ ಆಗಿರುವುದರಿಂದ ಪ್ರಶ್ನೆಯು ಕಾನೂನಿನಿಂದಷ್ಟೇ ತೀರುವಂಥದಲ್ಲ. ಅದರ ಹಿಂದೆ ಸಾವಿರಾರು ಕುಟುಂಬಗಳ ಅನ್ನವಿದೆ. ತಾಂಬೂಲವನ್ನು ಕೊಡುವುದರಲ್ಲಿರುವ ಗೌರವ ಒಂದು, ದಿನವಿಡೀ ಜಗಿಯುವ ಚಟ ಇನ್ನೊಂದು. ಪರಂಪರೆಯು ತಾನೇ ಗೆರೆ ಎಳೆದು ತೋರಿಸಿದ ಈ ಅಂತರವನ್ನು ಜನರ ಮಾತಿನಲ್ಲಿಯೇ ಜನರಿಗೆ ನೆನಪಿಸುವುದು ಆರೋಗ್ಯ ಶಿಕ್ಷಣಕ್ಕೆ ಜಾನಪದವು ಸಲ್ಲಿಸಬಹುದಾದ ನಿಜವಾದ ಸೇವೆ.