ತಗ್ಗಬೇಕಾದವರು ಯಾರು?

ಸಾವನದುರ್ಗ ಎಂದರೆ ನಮ್ಮ ಚರಿತ್ರೆ ಪುಸ್ತಕಗಳಿಗೆ ಮಾಗಡಿ ಕೆಂಪೇಗೌಡರ ವಂಶದ ಕೋಟೆ, 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನವರಿಂದ ಕಿತ್ತುಕೊಂಡ ಬಂಡೆ, ಅಷ್ಟೆ. ಸುತ್ತಲಿನ ಕೇರಿಗಳಿಗೆ ಆ ಪುಸ್ತಕಗಳಲ್ಲಿ ಜಾಗವಿಲ್ಲ. ಇದೇ ಮಾಗಡಿ ಸೀಮೆಯ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥೆಗೆ 'ಊರುಕೇರಿ' ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಊರಿನವರು ಕೇರಿಗೆ ಕಲಿಸಿದ ಮೊದಲ ಪಾಠವೇ 'ತಗ್ಗಿ ಬಗ್ಗಿ ನಡಿ' ಅನ್ನೋದು. ಹೀಗಿರುವಾಗ ಕ್ರೈಸ್ತ ಧರ್ಮವೂ ನಮ್ರತೆಯನ್ನು ಬೋಧಿಸಿದರೆ ದಲಿತನಿಗೆ ಅನುಮಾನ ಬರುತ್ತದೆ: ಇದೂ ಅದೇ ಪಾಠವೆ?

ಅಲ್ಲ ಎನ್ನುವುದು ನನ್ನ ವಾದ. ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಪೌಲ ಹೇಳುವ ನಮ್ರತೆ ಮೇಲಿದ್ದವನು ಕೆಳಗಿಳಿಯುವಂಥದ್ದು. ದೇವರ ಸ್ಥಾನದಲ್ಲಿದ್ದ ಕ್ರಿಸ್ತ ದಾಸನಾದ; ರೋಮನರು ಗುಲಾಮರಿಗೂ ದಂಗೆಕೋರರಿಗೂ ವಿಧಿಸುತ್ತಿದ್ದ ಶಿಲುಬೆಯ ಸಾವನ್ನು ಸತ್ತ. ತುಳಿತಕ್ಕೆ ಸಿಕ್ಕವನಿಗೆ ಇನ್ನಷ್ಟು ಬಗ್ಗು ಎಂಬ ಆಜ್ಞೆ ಅಲ್ಲಿಲ್ಲ.

ಆದರೆ ಚರ್ಚಿನ ಚರಿತ್ರೆ ಬೇರೆಯೇ ಕತೆ ಹೇಳುತ್ತದೆ. 1606ರಲ್ಲಿ ಮದುರೆಗೆ ಬಂದ ಯೇಸುಸಭೆಯ ಪಾದ್ರಿ ದೆ ನೊಬಿಲಿ ಮೇಲುಜಾತಿಯವರನ್ನು ಒಲಿಸಿಕೊಳ್ಳಲು ಸಂನ್ಯಾಸಿಯಂತೆ ಬದುಕಿದ. ಆ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಶನ್ ಶುರುಮಾಡಿದ ಚಿನ್ನಾಮಿಯೂ ಅದೇ ದಾರಿ ಹಿಡಿದ. ಪರದೇಶದವರು ನಮ್ಮ ಭಾಷೆ, ಉಡುಪು, ಊಟ ಕಲಿತದ್ದು ಸಣ್ಣ ಮಾತೇನಲ್ಲ. ಆದರೆ ಜೊತೆಗೆ ಮುಟ್ಟುಚಟ್ಟನ್ನೂ ಉಳಿಸಿಕೊಂಡರು. ಕಡೆಗೆ 1744ರಲ್ಲಿ ಪೋಪ್ 14ನೇ ಬೆನೆಡಿಕ್ಟ್ ಕಟ್ಟಪ್ಪಣೆ ಹೊರಡಿಸಬೇಕಾಯಿತು: ಕಾಯಿಲೆ ಬಿದ್ದ ಅಸ್ಪೃಶ್ಯನ ಗುಡಿಸಲಿಗೂ ಪಾದ್ರಿ ಹೋಗಿ ಸಂಸ್ಕಾರ ಕೊಡಲೇಬೇಕು. ಇದಕ್ಕೆ ಯೇಸುಸಭೆಯವರು ಹುಡುಕಿದ ಉಪಾಯವೇನು? ಅಸ್ಪೃಶ್ಯರಿಗೆಂದೇ ಬೇರೆ ಪಾದ್ರಿಗಳು. ಅಪ್ಪಣೆ ಪಾಲಿಸಿದಂತೆಯೂ ಆಯ್ತು, ಮಡಿ ಉಳಿದಂತೆಯೂ ಆಯ್ತು!

ಸ್ವತಂತ್ರ ಭಾರತ ಮಾಡಿದ್ದೇನು? 1950ರ ರಾಷ್ಟ್ರಪತಿ ಆದೇಶ ಕ್ರೈಸ್ತ ದಲಿತರನ್ನು ಪರಿಶಿಷ್ಟ ಜಾತಿ ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ ದಲಿತರು, 1990ರಲ್ಲಿ ಬೌದ್ಧ ದಲಿತರು ಒಳಬಂದರು. ಇವರು ಹೊರಗೇ ಉಳಿದರು. ಕ್ರೈಸ್ತರಲ್ಲಿ ಜಾತಿಯಿಲ್ಲವಲ್ಲ ಅನ್ನುವುದು ಇದಕ್ಕೆ ಕೊಡುವ ಸಮರ್ಥನೆ. ಆದರೆ ತಮ್ಮ ಚರ್ಚಿನೊಳಗೆ ಜಾತಿ ತಾರತಮ್ಯ ಇದೆಯೆಂದು ಭಾರತದ ಕ್ಯಾಥೊಲಿಕ್ ಬಿಷಪ್ಪರೇ 2016ರ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡಿದ್ದಾರೆ. ಹೈದರಾಬಾದಿನ ಆಂಥೊನಿ ಪೂಲ ಮೊದಲ ದಲಿತ ಕಾರ್ಡಿನಲ್ ಆಗಲು 2022 ಬರಬೇಕಾಯಿತು.

ಮತ್ತೆ ನಮ್ಮ ಸೀಮೆಗೇ ಬರೋಣ. ಕನಕಪುರ ತಾಲ್ಲೂಕಿನ ಹಾರೋಬೆಲೆ ಕ್ರೈಸ್ತರ ಊರು. ಅಲ್ಲಿನ ಕಪಾಲಬೆಟ್ಟದಲ್ಲಿ 114 ಅಡಿ ಯೇಸು ಪ್ರತಿಮೆಗೆ 2019ರ ಕ್ರಿಸ್‌ಮಸ್ ದಿನ ಶಂಕುಸ್ಥಾಪನೆಯಾಯಿತು. 2020ರ ಜನವರಿಯಲ್ಲಿ ಕನಕಪುರದಲ್ಲಿ ಅದರ ವಿರುದ್ಧ ಮೆರವಣಿಗೆ ನಡೆಯಿತು. ಆ ವಿರೋಧದ ಹಿಂದಿನ ಮತೀಯ ರಾಜಕಾರಣವನ್ನು ನಾನು ಒಪ್ಪುವುದಿಲ್ಲ. ಒಂದು ಊರಿನವರು ತಮ್ಮ ದೇವರನ್ನು ಬೆಟ್ಟದ ಮೇಲೆ ನೋಡಬಯಸಿದರೆ ಅದು ಅಪರಾಧವಲ್ಲ. ನನ್ನ ಪ್ರಶ್ನೆ ಇಡೀ ಚರ್ಚಿಗೆ: ದಾಸನಾಗಿ ಕೆಳಗಿಳಿದವನನ್ನು 114 ಅಡಿ ಎತ್ತರಿಸುವ ನೀವು, ನಿಮ್ಮ ಬಿಷಪ್ಪರ ಪೀಠ, ಕಾಲೇಜಿನ ಆಡಳಿತ ಮಂಡಳಿ, ಹೆಣ್ಣು ಗಂಡಿನ ಸಂಬಂಧ, ಇಲ್ಲೆಲ್ಲ ಎಷ್ಟು ಅಡಿ ಇಳಿಯಲು ಸಿದ್ಧರಿದ್ದೀರಿ?

ದಲಿತ ಸಂಘಟನೆಗಳಿಗೂ ಒಂದು ಮಾತು. 1950ರ ಆದೇಶ ಕ್ರೈಸ್ತರ ಮನೆಯೊಳಗಿನ ಜಗಳ ಎಂದು ದೂರ ನಿಲ್ಲಬೇಡಿ. ಪ್ರಾರ್ಥನೆ ಬದಲಾದ ಮಾತ್ರಕ್ಕೆ ಯಾರ ಗುಡಿಸಲೂ ಕೇರಿಯಿಂದ ಊರಿಗೆ ಸ್ಥಳಾಂತರವಾಗಿಲ್ಲ.