ಕಡದ ಪುಸ್ತಕದ ಕನ್ನಡ

ಪೆರ್ಲದಂತಹ ಪೇಟೆಯ ಚರಿತ್ರೆ ಬರೆಯಹೊರಟವನಿಗೆ ಕೋಟೆ ಕೊತ್ತಲಗಳು ಒದಗುವುದಿಲ್ಲ. ಕೋಟೆ ಬೇಕಾದವರು ಕುಂಬಳೆಗೋ ಬೇಕಲಕ್ಕೋ ಹೋಗಬೇಕು. ನಮಗಿರುವುದು ಬಸ್ಸು ನಿಲ್ಲುವ ಜಾಗ, ಒಂದಷ್ಟು ಅಡಿಕೆ ಅಂಗಡಿ, ದಿನಸಿ ಅಂಗಡಿ, ಶಾಲೆ, ಮತ್ತೆ ಮನೆಮನೆಯ ಪೆಟ್ಟಿಗೆಯಲ್ಲಿ ಕಟ್ಟಿಟ್ಟ ಕಾಗದಪತ್ರ. ನಾನು ಬ್ಯಾಂಕಿನ ಗುಮಾಸ್ತ, ಕಾಗದ ನೋಡಿ ಬದುಕುವವನು. ಬಾಲ್ಯದ ಪೇಟೆಯೂ ನನಗೆ ಕಾಗದದ ದಾರಿಯಿಂದಲೇ ನೆನಪಾಗುತ್ತದೆ.

ನಾನು ಶಾಲೆ ಸೇರಿದ್ದು 1984ರ ಜೂನ್‌ನಲ್ಲಿ. ಅದರ ಹಿಂದಿನ ತಿಂಗಳ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಗಿತ್ತು. ಶಾಲೆಯಿಂದ ಬರುವಾಗ ಬ್ಯಾರಿ ಕಾಕನ ಅಂಗಡಿಯಿಂದ ಸಾಮಾನು ತರುವುದು ನನ್ನ ಪಾಲಿನ ಕೆಲಸ. ದುಡ್ಡು ಕೊಡಲಿಕ್ಕಿಲ್ಲ, ಅಡಿಕೆ ಮಾರಿದ ಮೇಲೆ ಅಪ್ಪ ಒಟ್ಟಿಗೆ ಲೆಕ್ಕ ತೀರಿಸುತ್ತಿದ್ದರು. ಉದ್ದದ ಕಡದ ಪುಸ್ತಕದಲ್ಲಿ ಕಾಕ ಬರೆದುಕೊಳ್ಳುವುದನ್ನು ನಾನು ಎತ್ತರದ ಹಲಗೆಗೆ ಗಲ್ಲ ಊರಿ ನೋಡುತ್ತಿದ್ದೆ. ಮನೆಯಲ್ಲಿ ಅವರು ಬ್ಯಾರಿ ಮಾತಾಡುವವರು. ಗಿರಾಕಿಗಳೊಡನೆ ತುಳು. ಬಸ್ಸಿನಲ್ಲಿ ಬಂದಿಳಿಯುವ ತೆಂಕಣದವರೊಡನೆ ಮಲಯಾಳ. ನನ್ನೊಡನೆ ಮಾತ್ರ, ‘ಎಂತ ಮಾಣಿ, ಬೆಲ್ಲ ಎಷ್ಟು?’ ಎಂದು ನಮ್ಮ ಹವ್ಯಕರ ಧಾಟಿಯನ್ನೇ ಅಣಕಿಸುತ್ತಿದ್ದರು. ಆದರೆ ಪುಸ್ತಕದಲ್ಲಿ ಇಳಿಯುತ್ತಿದ್ದುದು ಕನ್ನಡ ಅಕ್ಷರ. ಬೆಲ್ಲ, ಮೆಣಸು, ಸೀಮೆಎಣ್ಣೆ, ಎದುರಿಗೆ ಕನ್ನಡ ಅಂಕೆ.

ನಮ್ಮ ಕಡೆ ಕನ್ನಡಕ್ಕೆ ಇದ್ದ ಸ್ಥಾನವೇ ಅದು. ಘಟ್ಟದ ಮೇಲಿನವರಿಗೆ ಇದನ್ನು ವಿವರಿಸುವುದು ಕಷ್ಟ. ನಮ್ಮಲ್ಲಿ ಮನೆಮಾತು ಎಂದರೆ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಕರಾಡರ ಮರಾಠಿ, ನಮ್ಮ ಹವಿಗನ್ನಡ. ಪುಸ್ತಕದ ಕನ್ನಡವನ್ನು ಒಲೆಯ ಎದುರು ಆಡುವವರು ಹುಡುಕಿದರೆ ಸಿಕ್ಕಿಯಾರು. ಆದರೂ ಮದುವೆ ಕಾಗದ, ಜಾತಕದ ಟಿಪ್ಪಣಿ, ಗೇಣಿಚೀಟು, ಯಕ್ಷಗಾನದ ಪ್ರಸಂಗ, ಕಡದ ಪುಸ್ತಕ ಎಲ್ಲವೂ ಕನ್ನಡದಲ್ಲೇ. ಯಾರ ಅಡುಗೆಮನೆಯ ಭಾಷೆಯೂ ಅಲ್ಲದ್ದರಿಂದಲೇ ಅದು ಎಲ್ಲರ ಜಗಲಿಯ ಭಾಷೆಯಾಗಿತ್ತು ಎಂದು ನನಗನ್ನಿಸುತ್ತದೆ.

ಕಾರಣ ಹಳೆಯದು. 1799ರಲ್ಲಿ ಟಿಪ್ಪು ಸೋತ ಮೇಲೆ ಕೆನರಾ ಕಂಪೆನಿಯ ಕೈಸೇರಿತು. 1862ರಲ್ಲಿ ಉತ್ತರದ ಭಾಗ ಬೊಂಬಾಯಿಗೆ ಹೋಯಿತು, ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಹಿಂದೆ ಬೇಕಲ ತಾಲೂಕು ಎನಿಸಿದ್ದ ನಮ್ಮ ಸೀಮೆ ಅದರ ತೆಂಕು ತುದಿ. ಜಿಲ್ಲೆಯ ಕಚೇರಿ ಮಂಗಳೂರಿನಲ್ಲಿ, ಕಚೇರಿಯ ದೇಶಭಾಷೆ ಕನ್ನಡ. ವರ್ಗ, ಮೂಲಗೇಣಿ, ಚಾಲಗೇಣಿ, ಕುಮ್ಕಿ ಮುಂತಾದ ಮಾತುಗಳು ಮಲಯಾಳ ಮನೆಮಾತಿನ ಒಕ್ಕಲಿಗೂ ಬಾಯಿಪಾಠವಾಗಿದ್ದವು. ಅವನ ಅನ್ನ ಆ ಶಬ್ದಗಳಲ್ಲಿತ್ತು.

ರಾಜ್ಯ ಪುನರ್ವಿಂಗಡಣೆಯ ಆಯೋಗ 1955ರಲ್ಲಿ ಎಣಿಸಿದ್ದು ಮನೆಮಾತನ್ನು. ಇಡೀ ತಾಲೂಕಿನಲ್ಲಿ ಮಲಯಾಳದವರೇ ಹೆಚ್ಚು ಎಂಬ ಲೆಕ್ಕ ಸುಳ್ಳಲ್ಲ. ಜಗಲಿಯ ಭಾಷೆಯನ್ನು ಎಣಿಸುವ ಕಲಂ ಯಾವ ಜನಗಣತಿಯಲ್ಲೂ ಇಲ್ಲವಷ್ಟೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗ ಮೈಸೂರು ರಾಜ್ಯಕ್ಕೆ ಸಲ್ಲಬೇಕೆಂದಿತು. ವರದಿ ವರದಿಯಾಗಿಯೇ ಉಳಿಯಿತು. ಕಯ್ಯಾರ ಕಿಞ್ಞಣ್ಣ ರೈಗಳಂಥವರು 2015ರಲ್ಲಿ ತೀರಿಕೊಳ್ಳುವ ತನಕವೂ ಅದನ್ನು ಮರೆಯಲಿಲ್ಲ. ಇವೆಲ್ಲ ಓದುಗರಿಗೆ ಗೊತ್ತಿರುವುದೇ, ವಿಸ್ತರಿಸುವುದಿಲ್ಲ.

ಆ ನವೆಂಬರ್ ಒಂದರಂದು ನಮ್ಮ ಮನೆಯಲ್ಲಿ ಏನಾಯಿತೆಂದು ಅಜ್ಜನಲ್ಲಿ ಕೇಳಿದ್ದೆ. ‘ಎಂತ ಆಗ್ಲಿಕ್ಕುಂಟು? ಬೈಹುಲ್ಲು ಒಣಗ್ಲಿಕ್ಕೆ ಹಾಕಿದ್ದೆವು’ ಎಂದರು. ಕಾಸರಗೋಡು ಪೇಟೆಯಲ್ಲಿ ಮೆರವಣಿಗೆಗಳಾಗಿದ್ದವು, ನಿಜ. ಆದರೆ ಅಡಿಕೆ ಮೊದಲಿನಂತೆ ಮಂಗಳೂರಿಗೇ ಹೋಯಿತು, ಹೆಣ್ಣು ಕೊಟ್ಟು ತರುವುದು ವಿಟ್ಲ ಪುತ್ತೂರುಗಳ ಕಡೆಯೇ ನಡೆಯಿತು. ಗೆರೆ ನಮ್ಮೂರಿಗೆ ಆ ದಿನ ಬರಲಿಲ್ಲ. ಅದು ಕಂತುಕಂತಾಗಿ, ಒಂದೊಂದು ಕಾಗದವಾಗಿ ಬಂತು. ಮೊದಲು ರಶೀದಿ, ಆಮೇಲೆ ನೋಟೀಸು, ಆಮೇಲೆ ಪಟ್ಟೆ. ಅಜ್ಜ ಮಲಯಾಳ ನಿರರ್ಗಳ ಮಾತಾಡಬಲ್ಲವರು, ಓದಲು ಬಾರದು. ನೋಟೀಸು ಬಂದ ದಿನ ಅದನ್ನು ಹಿಡಿದು ಪೇಟೆಗೆ ಹೋಗಿ ಯಾರಿಂದಲಾದರೂ ಓದಿಸಿಕೊಂಡು ಬರುತ್ತಿದ್ದರು. ಊರಿಗೆಲ್ಲ ಕಾಗದ ಬರೆದುಕೊಡುತ್ತಿದ್ದ ಮನುಷ್ಯ ತನ್ನ ಕಾಗದಕ್ಕೆ ಇನ್ನೊಬ್ಬರ ಕಣ್ಣು ಹುಡುಕುವ ಹಾಗಾಯಿತು. ಅವರು ಅದನ್ನು ಗೋಳೆಂದು ಹೇಳಿಕೊಂಡದ್ದಿಲ್ಲ. ಮಧ್ಯಾಹ್ನದ ಊಟ ತಡವಾಗುತ್ತಿತ್ತು, ಅಷ್ಟೆ.

ಹಳ್ಳಿ ಚೆಂದವಿತ್ತು ಎಂದು ಬರೆಯುವಾಗ ಯಾರಿಗೆ ಚೆಂದ ಎಂದೂ ಕೇಳಿಕೊಳ್ಳಬೇಕು. ನಮ್ಮ ತೋಟದ ನೀರು ಸುರಂಗದ್ದು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಒಬ್ಬನೇ ಬಗ್ಗಿ ನಡೆಯುವಷ್ಟು ಅಗಲದ ಬಿಲ, ಅದರ ತುದಿಯಿಂದ ಪಂಪಿಲ್ಲದೆ ಹರಿದುಬರುವ ನೀರು. ಕೊರೆದವನು ಮಲಯಾಳ ಮಾತಿನ ಕೂಲಿಯಾಳು. ದೀಪ ಉರಿಯುವಷ್ಟು ದೂರ ಗಾಳಿ ಇದೆಯೆಂದು ಅರ್ಥ, ದೀಪ ಕುಗ್ಗಿದರೆ ಹೊರಗೆ ಬರಬೇಕು. ಕೂಲಿ ಕೋಲಿನ ಲೆಕ್ಕದಲ್ಲಿ. ನೀರು ಸಿಗಲಿ ಸಿಗದಿರಲಿ, ಬೆನ್ನು ಅವನದೇ. ನಾವು ಮಕ್ಕಳು ಬೇಸಿಗೆಯಲ್ಲಿ ಆ ನೀರಿನಲ್ಲಿ ಹೊರಳಾಡಿದ್ದನ್ನು ಹಾಡಿ ಹೊಗಳುತ್ತೇವೆ. ಅವನ ಮಕ್ಕಳಿಗೆ ನಮ್ಮ ಅಂಗಳದವರೆಗೆ ಮಾತ್ರ ಪ್ರವೇಶವಿತ್ತು. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿಪದ್ಧತಿ ಕೊನೆಗೊಂಡಿತು. ನಮ್ಮ ಗದ್ದೆಗಳೂ ಹೋದವು. ಅಪ್ಪನಿಗೆ ಆ ನೋವು ಕೊನೆಯವರೆಗೂ ಇತ್ತು. ಆ ವಿಷಯದಲ್ಲಿ ನಾನು ಅಪ್ಪನ ಪಕ್ಷದವನಲ್ಲ.

ಗೇರು ತೋಟದ ಮೇಲೆ ಹೆಲಿಕಾಪ್ಟರು ತಗ್ಗಿ ಹಾರುವಾಗ ನಾವು ಶಾಲೆಯಿಂದ ಹೊರಗೋಡಿ ಕೈಬೀಸುತ್ತಿದ್ದುದೂ ಬಾಲ್ಯದ ನೆನಪೇ. ಅದು ಸುರಿಸುತ್ತಿದ್ದುದು ಎಂಡೋಸಲ್ಫಾನ್. 2000ದವರೆಗೂ ಸುರಿಯಿತು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ತಡೆಯಿತು. ಎಣ್ಮಕಜೆಯ ಮನೆಗಳಲ್ಲಿ ಹಾಸಿಗೆ ಬಿಟ್ಟೇಳದ ಮಕ್ಕಳನ್ನು ಕಂಡವರು ಆ ಕೈಬೀಸುವಿಕೆಯನ್ನು ಸಿಹಿ ನೆನಪೆಂದು ಬರೆಯಲಾರರು.

ಶಾಲೆ ಕನ್ನಡ ಮಾಧ್ಯಮದ್ದು, ಪಾಠ ಕೇರಳದ್ದು. ಕೇರಳದ 44 ಹೊಳೆಗಳಲ್ಲಿ 41 ಪಡುವಣಕ್ಕೆ, ಮೂರು ಮೂಡಣಕ್ಕೆ ಹರಿಯುತ್ತವೆಂದು ಕನ್ನಡದಲ್ಲಿ ಉರು ಹೊಡೆದವರು ನಾವು. ಸಂಜೆ ರೇಡಿಯೋ ತಿರುಗಿಸಿದರೆ ಮಂಗಳೂರು ಆಕಾಶವಾಣಿ, ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ. ಎರಡು ರಾಜ್ಯದ ನಡುವೆ ಬದುಕುತ್ತಿದ್ದೇವೆಂದು ಆಗ ತೋರಲೇ ಇಲ್ಲ. ಬಿಎ ಮುಗಿಸಿ ಕೆಲಸದ ಅರ್ಜಿ ಬರೆಯುವಾಗ ತೋರಿತು.

ಕೆಲಸ ಸಿಕ್ಕಿದ್ದು ಬ್ಯಾಂಕಿನಲ್ಲಿ. ಇದೂ ನಮ್ಮ ಜಿಲ್ಲೆಯ ಚರಿತ್ರೆಯೇ. ಕಾರ್ಪೊರೇಶನ್ ಬ್ಯಾಂಕು 1906ರಲ್ಲಿ ಉಡುಪಿಯಲ್ಲಿ, ಸಿಂಡಿಕೇಟು 1925ರಲ್ಲಿ ಅಲ್ಲೇ, ವಿಜಯ 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವು, ಮೂರೂ ಅವಿಭಜಿತ ದಕ್ಷಿಣ ಕನ್ನಡದ ಕೂಸುಗಳು. 1928ರಲ್ಲಿ ಶುರುವಾದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಲ್ಲಿ ಸಂಗ್ರಹಿಸುತ್ತಿದ್ದರು. 2019 ಮತ್ತು 2020ರ ಏಪ್ರಿಲ್ ಒಂದರಂದು ಈ ಮೂರೂ ಹೆಸರು ಬೇರೆ ಬ್ಯಾಂಕುಗಳಲ್ಲಿ ಕರಗಿದವು. ಬೋರ್ಡು ಬದಲಾದ ಬಗ್ಗೆ ನನಗೆ ದುಃಖ ಕಡಿಮೆ. ಕೌಂಟರಿನ ಎದುರು ನಿಂತ ಅಜ್ಜಿಯರು ಫಾರಮು ತಿರುಗಿಸಿ ಮುರುಗಿಸಿ ನೋಡಿ, ‘ಮಗಾ, ಕನ್ನಡದ್ದು ಇಲ್ವಾ?’ ಎಂದು ತಗ್ಗಿದ ಸ್ವರದಲ್ಲಿ ಕೇಳುವಾಗ ಮಾತ್ರ ಕರುಳು ಚುರ್ರೆನ್ನುತ್ತದೆ. ಸಹಿ ಹಾಕುವಾಗ ಅವರ ಕೈ ನಡುಗುವುದಿಲ್ಲ. ದುಂಡಗಿನ ಕನ್ನಡ ಅಕ್ಷರ ಗಟ್ಟಿಯಾಗಿ ಬೀಳುತ್ತದೆ.

2020ರ ಮಾರ್ಚ್ ಕೊನೆಗೆ ಕೊರೊನಾ ಹೆದರಿಕೆಯಲ್ಲಿ ಕರ್ನಾಟಕ ಗಡಿರಸ್ತೆಗಳನ್ನು ಮುಚ್ಚಿತು, ಹಲವೆಡೆ ಮಣ್ಣು ಸುರಿಯಿತು. ಅಷ್ಟು ವರ್ಷ ಕಾಗದದಲ್ಲಿದ್ದ ಗೆರೆ ರಾಶಿಯಾಗಿ ಎದ್ದು ನಿಂತದ್ದು ಆಗ. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಜಿಲ್ಲೆಯ ರೋಗಿಗಳು ದಾಟಲಾಗದೆ ತೀರಿಕೊಂಡರು. ಹಿರಿಯರು ಯಾವ ಕಡೆಗೆ ಸೇರಬೇಕೆಂದು ಮೆರವಣಿಗೆ ಹೋಗಿದ್ದರೋ ಮಣ್ಣು ಬಿದ್ದದ್ದು ಆ ಕಡೆಯಿಂದ. ಪತ್ರಿಕೆಗಳು ಆ ವಾರ ಎರಡು ಸರಕಾರಗಳ ವಾದವನ್ನು ಬರೆದವು. ಎರಡೂ ಭಾಷೆ ಓದಬಲ್ಲ ನಮಗೆ ಎರಡು ವಾದವೂ ಅರ್ಥವಾಗುತ್ತಿತ್ತು.

ಕೇರಳದಲ್ಲಿ 2022ರ ನವೆಂಬರ್ 1ರಂದು ಜಮೀನಿನ ಡಿಜಿಟಲ್ ಮರುಸರ್ವೆ ಶುರುವಾದ ಮೇಲೆ ಹಳೆಯ ಪೆಟ್ಟಿಗೆಗಳೆಲ್ಲ ತೆರೆದುಕೊಂಡವು. ಈಗ ಆದಿತ್ಯವಾರ ನಮ್ಮ ಜಗಲಿಯಲ್ಲಿ ಜನ. ತಂದೆ ಅಜ್ಜಂದಿರ ಗೇಣಿಚೀಟು, ಪಾಲುಪಟ್ಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತರುತ್ತಾರೆ. ಕನ್ನಡ ಬಲ್ಲವರಿಗೂ ಆ ಅಂಟು ಅಂಟಾದ ಹಳೆಯ ಕೈಬರಹ ಹತ್ತುವುದಿಲ್ಲ. ನನಗೆ ಅಜ್ಜನಿಂದ ಸ್ವಲ್ಪ ರೂಢಿಯಿದೆ. ಮುಡಿಗೆ ಮೂರು ಕಳಸೆ, ಕಳಸೆಗೆ 14 ಸೇರು ಎಂದು ಲೆಕ್ಕ ಬಿಡಿಸುತ್ತೇನೆ. ಮೊನ್ನೆ ಬಂದವನು ಆ ಸುರಂಗ ಕೊರೆದವನ ಮೊಮ್ಮಗ, ಈಗ ನೆರೆಯ ಜಮೀನಿನ ಯಜಮಾನ. ಜಗಲಿಯಲ್ಲಿ ನನ್ನ ಬದಿಯಲ್ಲೇ ಕೂತ. ನಾನು ಕನ್ನಡದಲ್ಲಿ ಓದಿ ತುಳುವಿನಲ್ಲಿ ಹೇಳಿದ್ದನ್ನು ಅವನು ಮಲಯಾಳದಲ್ಲಿ ಬರೆದುಕೊಂಡ. ಮೂಡಕ್ಕೆ ಸುರಂಗದ ಬಾಯಿ ಎಂದಾಗ ಪೆನ್ನು ನಿಲ್ಲಿಸಿ ಆ ಸಾಲನ್ನು ಇನ್ನೊಮ್ಮೆ ಓದಿಸಿದ. ಬಡಗಿಗೆ ತೋಡು, ಪಡುವಕ್ಕೆ ಕಾಲುದಾರಿ. ತೆಂಕಣ ಗಡಿಗೆ ಒಂದು ಮರ ಬರೆದಿದೆ, ಯಾವ ಮರವೆಂದು ತಿಳಿಯದು, ಮಡಿಕೆ ಬಿದ್ದಲ್ಲಿ ಕಾಗದ ಹರಿದಿದೆ. ಬರುವ ವಾರ ಭೂತಗನ್ನಡಿ ತರುತ್ತೇನೆಂದು ಹೇಳಿ ಹೋಗಿದ್ದಾನೆ.